ಅಲ್ಲಾಡಬ್ಯಾಡ್ರಿ

ನಮ್ಮ ಕಾಲದ ಹೆಣ್ಣುಮಕ್ಕಳು ಫೋಟೋದಲ್ಲಿ ನಗುವುದೇ ಇಲ್ಲವೆಂದು ಈಗಿನ ಹುಡುಗಿಯರು ಚೇಷ್ಟೆ ಮಾಡುತ್ತಾರೆ. ನಗುವ ಮಾತು ಹಾಗಿರಲಿ, ಉಸಿರಾಡಲಿಕ್ಕೂ ನಮಗೆ ಅಪ್ಪಣೆ ಇರಲಿಲ್ಲ. ದೀಪಾವಳಿಯ ಹೊಸ ಸೀರೆ, ಹೊಸ ಪರಕರ ಉಟ್ಟುಕೊಂಡು ಖಡೇಬಜಾರಿನ ಸ್ಟುಡಿಯೋಕ್ಕೆ ಹೋಗುತ್ತಿದ್ದೆವು. ಹಿಂದೆ ಬಣ್ಣ ಬಳಿದ ಪರದೆ, ಅದರ ಮೇಲೊಂದು ಸರೋವರ, ಸರೋವರದಲ್ಲಿ ಎರಡು ಹಂಸ. ಮುಂದೆ ನಾವು ಸಾಲಾಗಿ ನಿಂತರೆ ಫೋಟೋದವರು ಕಪ್ಪು ಬಟ್ಟೆಯೊಳಗಿನಿಂದ ತಲೆ ಹೊರಗೆ ತೆಗೆದು, "ಅಲ್ಲಾಡಬ್ಯಾಡ್ರಿ!" ಎಂದು ಗದರುತ್ತಿದ್ದರು. ನಾವು ಹಂಸಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತಿದ್ದೆವು.

ಆಮೇಲೆ ಅಪ್ಪ ಆಗ್ಫಾ ಕ್ಲಿಕ್ ಥ್ರೀ ತಂದ. ಒಂದು ರೋಲಿಗೆ 12 ಫೋಟೋ. ಹನ್ನೆರಡರಲ್ಲಿ ಒಂದು ಕೆಟ್ಟರೆ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದಷ್ಟು ಗದ್ದಲ. ಹೀಗಾಗಿ ಅಪ್ಪನೂ ಅದೇ ಮಂತ್ರ ಕಲಿತ. ಮದುವೆಯಲ್ಲಿ, ಮುಂಜಿವೆಯಲ್ಲಿ, ಗೋಕಾಕದ ಫಾಲ್ಸ್ ನೋಡಲು ಹೋದಾಗ, ಎಲ್ಲ ಕಡೆಗೂ "ಅಲ್ಲಾಡಬ್ಯಾಡ." ಹಿಂದೆ ಅಷ್ಟು ನೀರು ಧುಮುಕುತ್ತಿದ್ದರೂ ಅದಕ್ಕೆ ಯಾರೂ ಹೀಗೆ ಹೇಳಲಿಲ್ಲವೆಂಬುದು ನನಗೆ ಈಗ ಹೊಳೆಯುತ್ತದೆ.

ಇಂಥ ಶಿಸ್ತಿನಲ್ಲಿ ಬೆಳೆದ ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಓಡುವ ನಾಯಿಗಳ ಫೋಟೋ ತೆಗೆಯಲು ಹೊರಟೆ. ನಮ್ಮವರು ಇದನ್ನು ಕೇಳಿ ಪೇಪರಿನಿಂದ ತಲೆ ಎತ್ತದೆ, "ನಿಂತ ಮನಶ್ಯಾರ್ದೇ ತಲಿ ಕಟ್ ಮಾಡ್ತಿ, ಇನ್ನ ಓಡೋ ನಾಯೀದು!" ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಆದ್ದರಿಂದಲೇ ಸಿಟ್ಟು ಬಂತು.

ಆದದ್ದಿಷ್ಟು. ಮಗ ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ನನಗೆ ಕೊಟ್ಟುಹೋದ. ಉಪಯೋಗಿಸದ ವಸ್ತು ಮನೆಯಲ್ಲಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಅದು ಕುಕ್ಕರಾದರೂ ಅಷ್ಟೇ, ಕ್ಯಾಮೆರಾ ಆದರೂ ಅಷ್ಟೇ. ಬೆಳಗಿನ ತಿರುಗಾಟಕ್ಕೆ ಹೋಗುವಾಗ ಅದನ್ನೂ ಕೊರಳಿಗೆ ಹಾಕಿಕೊಂಡೆ.

ಟಿಳಕವಾಡಿಯವರಿಗೆ ತಿರುಗಾಟವೆಂದರೆ ವ್ಯಾಕ್ಸಿನ್ ಡೇಪೋ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಹಳೆಯ ಸಂಸ್ಥೆ ಅದು. ಸಿಡುಬು ಜಗತ್ತಿನಿಂದಲೇ ಹೋಯಿತು, ದೊಡ್ಡ ಮರಗಳು ಮಾತ್ರ ಉಳಿದವು. ಆ ಮರಗಳ ಕೆಳಗೆ ಸಕ್ಕರೆ ಕಾಯಿಲೆಯವರು, ಮೊಣಕಾಲು ನೋವಿನವರು, ಸೊಸೆಯ ಮೇಲೆ ಸಿಟ್ಟಾದವರು, ಎಲ್ಲರೂ ಸುತ್ತು ಹಾಕುತ್ತಾರೆ. ಅಲ್ಲಿಯೇ ಒಂದು ಮೂಲೆಯಲ್ಲಿ ನಿವೃತ್ತ ಸುಭೇದಾರರೊಬ್ಬರು ನಾಯಿಗಳ ಶಾಲೆ ತೆರೆದಿದ್ದರು. ಮರಾಠಾ ಲೈಟ್ ಇನ್‌ಫಂಟ್ರಿಯ ಊರು ನಮ್ಮದು. ಬೆಳಗಾವಿಯಲ್ಲಿ ಕಲ್ಲು ಒಗೆದರೆ ಒಬ್ಬ ಸುಭೇದಾರರಿಗೆ ತಾಗುತ್ತದೆ. ಆದರೆ ಇವರ ಹುಚ್ಚು ಬೇರೆ. ಪ್ಲಾಸ್ಟಿಕ್ ಪೈಪು ಕತ್ತರಿಸಿ ಜಿಗಿಯುವ ಅಡ್ಡಗಂಬ ಮಾಡಿದ್ದರು. ಟ್ರ್ಯಾಕ್ಟರಿನ ಟಾಯರು ಒಂದನ್ನು ತೂಗುಹಾಕಿದ್ದರು. ಮಂಗಲ ಕಾರ್ಯಾಲಯದ ಹರಿದ ಪೆಂಡಾಲಿನ ಬಟ್ಟೆ ಹೊಲಿಸಿ ಸುರಂಗ, ಹಲಗೆಯೊಂದನ್ನು ಕಲ್ಲಿನ ಮೇಲಿಟ್ಟು ಏರುಪೇರಾಟ, ಬಿದಿರು ಗಳ ನೆಟ್ಟು ಅವುಗಳ ನಡುವೆ ಹಾವಿನಂತೆ ನುಸುಳುವ ದಾರಿ. ನಾಯಿ ಇವೆಲ್ಲವನ್ನೂ ಒಂದಾದ ಮೇಲೊಂದು ದಾಟಬೇಕು. ಯಜಮಾನ ಪಕ್ಕದಲ್ಲಿ ಓಡುತ್ತ ಕೈಸನ್ನೆಯಿಂದ, ದನಿಯಿಂದ ದಾರಿ ತೋರಿಸಬಹುದೇ ಹೊರತು ನಾಯಿಯನ್ನು ಮುಟ್ಟುವಂತಿಲ್ಲ. ಗಂಬ ಬಿದ್ದರೆ ತಪ್ಪು. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ತಪ್ಪಿಲ್ಲದೆ ಮುಗಿಸಿದವರು ಗೆದ್ದರು.

ಇದಕ್ಕೆ ಎಜಿಲಿಟಿ ಎನ್ನುತ್ತಾರಂತೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಎಂಬ ದೊಡ್ಡ ಶ್ವಾನ ಪ್ರದರ್ಶನದಲ್ಲಿ ನಡುವಿನ ಬಿಡುವಿಗೆ ಜನರ ಮನರಂಜನೆಗೆಂದು ಕುದುರೆ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ ನಾಯಿಗಳನ್ನು ಓಡಿಸಿದರು. ಬಿಡುವಿನ ಆಟ ಮುಂದೆ ದೇಶದೇಶಗಳ ಸ್ಪರ್ಧೆಯಾಯಿತು. ಸುಭೇದಾರರು ಇದನ್ನೆಲ್ಲ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿ, "ಮಿಲಿಟ್ರಿ ನಾಯಿಗೆ ನಾವು ಇದನ್ನ ಮೊದ್ಲಿಂದ ಕಲಸ್ತಿದ್ವಿ, ವೈನಿ. ಹೆಸರು ಮಾತ್ರ ಅವರ್ದು" ಎಂದು ಮುಗಿಸುತ್ತಿದ್ದರು.

ಮೊದಲನೆಯ ದಿನ ನಾನು ನೂರಾ ನಲವತ್ತು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಬಾಲಗಳು! ಎಡಗಡೆಯಿಂದ ಬಂದ ನಾಯಿ ಬಲಗಡೆಯ ಅಂಚಿನಿಂದ ಹೊರಗೆ ಹೋಗಿಯಾಗಿತ್ತು; ನನ್ನ ಪಾಲಿಗೆ ಬಾಲ ಉಳಿದಿತ್ತು. ಕೆಲವದರಲ್ಲಿ ಬಾಲವೂ ಇಲ್ಲ, ಬರೀ ಗಂಬ ಮತ್ತು ಹಿಂದೆ ನಿಲ್ಲಿಸಿದ ಸ್ಕೂಟರುಗಳು. ಇನ್ನು ಕೆಲವದರಲ್ಲಿ ನಾಯಿ ಇದೆ, ಆದರೆ ನೆಲ ಒರೆಸುವ ಅರಿವೆಯನ್ನು ಯಾರೋ ಬೀಸಿ ಒಗೆದಂತೆ. ನಮ್ಮವರು ಹಿಂದೆ ಬಂದು ನಿಂತು, "ಸ್ಕೂಟರ್ ಛಲೋ ಬಂದಾವ" ಎಂದರು.

ನಾನು ಗಣಿತ ಕಲಿಸಿದವಳಲ್ಲ, ಮನೆಯ ಹಾಲಿನ ಲೆಕ್ಕ ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೂ ಆ ರಾತ್ರಿ ಹಾಲಿನ ಚೀಟಿಯ ಹಿಂದೆ ಲೆಕ್ಕ ಮಾಡಿದೆ. ಚುರುಕಾದ ಬೇಟೆನಾಯಿ ಗಂಟೆಗೆ 50 ಕಿಲೋಮೀಟರು ಓಡುತ್ತದೆಂದು ಇಟ್ಟುಕೊಳ್ಳಿ. ಅಂದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರು. ಅಪ್ಪನ ಡಬ್ಬಿ ಕ್ಯಾಮೆರಾದಂಥದರ ಕಣ್ಣು ಸೆಕೆಂಡಿನ 50ರಲ್ಲಿ ಒಂದು ಭಾಗ ತೆರೆದಿರುತ್ತದೆಂದರೆ, ಅಷ್ಟರಲ್ಲಿ ನಾಯಿ 28 ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಗೇಣಿಗಿಂತ ಹೆಚ್ಚಾಯಿತು. ಅಷ್ಟುದ್ದ ಅದರ ಮೂಗು ಫೋಟೋದಲ್ಲಿ ಬಳಿದುಕೊಳ್ಳುತ್ತದೆ. ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟರೆ ಒಂದೂವರೆ ಸೆಂಟಿಮೀಟರಿಗೂ ಕಡಿಮೆ, ಎರಡು ಸಾವಿರದಲ್ಲಿ ಒಂದಕ್ಕೆ ಇಟ್ಟರೆ ಏಳು ಮಿಲಿಮೀಟರು. ಆಗ ಮೀಸೆಯ ಕೂದಲೂ ಎಣಿಸಬಹುದು. ಆದರೆ ಕಣ್ಣು ಅಷ್ಟು ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕೂ ಕಡಿಮೆ. ಬೆಳಗಾವಿಯ ಆಷಾಢದ ಮೋಡದಲ್ಲಿ ಎರಡು ಸಾವಿರವೆಂದರೆ ಕತ್ತಲೆಯಲ್ಲಿ ಕರಿನಾಯಿ ಹುಡುಕಿದಂತೆಯೇ ಸರಿ. ಎಲ್ಲ ಸಂಸಾರಗಳಂತೆ ಇಲ್ಲಿಯೂ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಿಡ್ಡವಾಗುತ್ತದೆ.

ವೇಗ ಸರಿಹೋದ ಮೇಲೂ ಬಾಲಗಳು ನಿಲ್ಲಲಿಲ್ಲ. ಕೊನೆಗೆ ದಾರಿ ತೋರಿಸಿದವರು ಕ್ಯಾಮೆರಾ ಹಿಡಿಯದ ಸುಭೇದಾರರೇ. "ವೈನಿ, ನೀವು ನಾಯಿ ಕಂಡ ಮ್ಯಾಲೆ ಒತ್ತತೀರಿ. ಕಂಡಿತು ಅಂದ್ರ ಹೋತು. ನಾಯೀನ ಯಾಕ ನೋಡ್ತೀರಿ? ಗಂಬಾ ನೋಡ್ರಿ" ಎಂದರು. ಮೊದಲು ನಗು ಬಂತು. ಆಮೇಲೆ ಹಾಗೆಯೇ ಮಾಡಿದೆ. ನಾಯಿ ಎಲ್ಲಿ ಬರುತ್ತದೋ ಆ ಗಂಬದ ಮೇಲೆ ಮೊದಲೇ ಕ್ಯಾಮೆರಾದ ಕಣ್ಣು ನೆಟ್ಟು ಕುಳಿತುಕೊಳ್ಳುವುದು. ನಾಯಿ ಗಂಬದ ಮೇಲೆ ಇರುವಾಗಲ್ಲ, ಇನ್ನೂ ನೆಲದಲ್ಲಿದ್ದು ಹಿಂಗಾಲು ಕುಗ್ಗಿಸುವಾಗಲೇ ಒತ್ತುವುದು. ಒಗ್ಗರಣೆಯ ಸಾಸಿವೆ ಸಿಡಿದ ಮೇಲೆ ಮುಚ್ಚಳ ಹುಡುಕುವವಳು ಅಡಿಗೆಯಲ್ಲಿ ಹೊಸಬಳು; ಎಣ್ಣೆಯ ಸದ್ದು ಕೇಳಿಯೇ ಕೈ ಮುಂದೆ ಹೋಗಬೇಕು. ನನಗೆ ಇದು ಹೀಗೆಯೇ ಅರ್ಥವಾಯಿತು.

ಎರಡನೆಯ ಪಾಠ ನಾನೇ ಕಲಿತದ್ದು. ನಿಂತು ತೆಗೆದರೆ ಎಲ್ಲ ನಾಯಿಗಳೂ ಬೆನ್ನು ಮಾತ್ರ ತೋರಿಸುತ್ತವೆ. ನಾಯಿಯ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಇಳಿದೆ. ಅಂದರೆ ಹಸಿ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಚಕ್ಕಳಮಕ್ಕಳ ಕುಳಿತೆ. ಶುಕ್ರವಾರ ಪೇಟೆಯ ನನ್ನ ಗೆಳತಿಯರು ಸುತ್ತು ಹಾಕುತ್ತ ಬಂದವರು ಒಂದು ಕ್ಷಣ ನಿಂತು, "ಬಿದ್ರೇನ?" ಎಂದು ಕೇಳಿದರು. ಇಲ್ಲವೆಂದರೆ ನಂಬಲಿಲ್ಲ. ಎಬ್ಬಿಸಲು ಇಬ್ಬರು ಬಂದರು. ಏಳುವಾಗ ನಿಜವಾಗಿಯೂ ಅವರು ಬೇಕಾದರೆನ್ನುವುದು ಬೇರೆ ಮಾತು.

ಕೆಳಗೆ ಕುಳಿತ ಮೇಲೆ ಮುಖಗಳು ಕಂಡವು. ಜಿಗಿಯುವ ನಾಯಿಯ ಕಿವಿ ಒಳಗು ಹೊರಗಾಗಿರುತ್ತದೆ, ನಾಲಿಗೆ ಕಪಾಳಕ್ಕೆ ಹತ್ತಿರುತ್ತದೆ, ತುಟಿ ಗಾಳಿಗೆ ಮೇಲೆದ್ದು ಹಲ್ಲು ಕಾಣಿಸುತ್ತದೆ. ಚೆಲುವಾಗಿ ಕಾಣಬೇಕೆಂಬ ಯೋಚನೆಯೇ ಅದಕ್ಕಿಲ್ಲ. ಮತ್ತೊಂದು ಸಂಗತಿ: ನಾಯಿ ಗಂಬವನ್ನು ನೋಡುವುದು ಕ್ಷಣಮಾತ್ರ. ಗಾಳಿಯಲ್ಲಿರುವಾಗಲೇ ಅದರ ಕಣ್ಣು ಪಕ್ಕಕ್ಕೆ, ತನ್ನ ಯಜಮಾನನ ಕಡೆಗೆ ಹೊರಳಿರುತ್ತದೆ, 'ಮುಂದ ಎಲ್ಲಿ?' ಎಂದು ಕೇಳುತ್ತಿರುತ್ತದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಎಷ್ಟೋ ಯಜಮಾನರಿಗೆ ನಾನು ಆ ಫೋಟೋ ತೋರಿಸಿದಾಗ ಅವರು ಮಾತಾಡದೆ ನಿಂತದ್ದುಂಟು.

ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆಂಬ ಮಾತು ಹೊಸದಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೇ ಎಂದು ಮೊದಲು ಜನ ಜಗಳವಾಡುತ್ತಿದ್ದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಓಟದ ದಾರಿಯ ಪಕ್ಕದಲ್ಲಿ 12 ಕ್ಯಾಮೆರಾ ಸಾಲಾಗಿಟ್ಟು, ಕುದುರೆ ಹೋದಂತೆ ಒಂದೊಂದೂ ತಾನೇ ಫೋಟೋ ತೆಗೆಯುವಂತೆ ಮಾಡಿದ. ಬಿಡುತ್ತವೆ ಎಂದು ಗೊತ್ತಾಯಿತು. ಆದರೆ ಚಿತ್ರಗಾರರು ಬರೆಯುತ್ತಿದ್ದಂತೆ ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಚಾಚಿದಾಗಲ್ಲ. ನಾಲ್ಕೂ ಹೊಟ್ಟೆಯ ಕೆಳಗೆ ಕೂಡಿ ಬಂದಾಗ. ನಮ್ಮ ಕ್ಯಾಲೆಂಡರಿನ ಶಿವಾಜಿ ಮಹಾರಾಜರ, ಕಿತ್ತೂರು ಚೆನ್ನಮ್ಮನ ಕುದುರೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಬೇಟೆನಾಯಿಯ ಓಟ ಇದಕ್ಕಿಂತ ಸೊಗಸು. ಒಂದು ಹೆಜ್ಜೆಯ ಸುತ್ತಿನಲ್ಲಿ ಅದು ಎರಡು ಸಲ ನೆಲ ಬಿಡುತ್ತದೆ: ಒಮ್ಮೆ ಕಾಲು ಕೂಡಿಸಿ ಮುದುಡಿದಾಗ, ಒಮ್ಮೆ ಬಿಲ್ಲು ಸಡಿಲಿಸಿದಂತೆ ಪೂರಾ ಚಾಚಿದಾಗ. ಆ ಎರಡನೆಯದು ಸಿಕ್ಕರೆ ಫೋಟೋದಲ್ಲಿ ನಾಯಿ ಗಾಳಿಯಲ್ಲಿ ಮಲಗಿದಂತೆ ಕಾಣುತ್ತದೆ.

ನನಗೆ ಅದನ್ನು ಕೊಟ್ಟವಳು ಹೀರಾ.

ಹೀರಾ ಮುಧೋಳದ ಹೆಣ್ಣುನಾಯಿ. ಕವಿ ರನ್ನನ ಮುದುವೊಳಲಿನದೇ ಈ ತಳಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಪ್ರೀತಿಯಿಂದ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಒಂದು ಜೋಡಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೈನ್ಯದ ತರಬೇತಿಗೆಂದು ಮೀರತ್ತಿಗೂ ಹೋಯಿತು. ಇಷ್ಟು ದೊಡ್ಡ ಮನೆತನದ ಹೀರಾ ನಮ್ಮ ಮೈದಾನಕ್ಕೆ ಬರುತ್ತಿದ್ದುದು ಹಾಲಿನ ಕ್ಯಾನುಗಳ ಜೊತೆಗೆ. ಖಾನಾಪುರ ರಸ್ತೆಯ ಕಡೆಯ ಹಳ್ಳಿಯ ಹುಡುಗ, ಟಿಳಕವಾಡಿಯ ಮನೆಗಳಿಗೆ ಹಾಲು ಹಾಕಿ ಏಳು ಗಂಟೆಗೆ ಗಾಡಿ ನಿಲ್ಲಿಸಿ ಅವಳನ್ನು ಇಳಿಸುತ್ತಿದ್ದ. ಅವನಿಗೊಂದು ಹೆಸರಿದೆ, ಆದರೆ ನಾವೆಲ್ಲ 'ಹೀರಾನ ಹುಡುಗ' ಎಂದೇ ಕರೆಯುತ್ತಿದ್ದೆವು.

ಮುಧೋಳ ನಾಯಿಯ ಮೈ ಗೊತ್ತಿಲ್ಲದವರಿಗೆ ಅದು ಉಪವಾಸವಿದ್ದಂತೆ ಕಾಣುತ್ತದೆ. ಪಕ್ಕೆಲುಬು ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ. ತಿರುಗಾಟದ ಹೆಂಗಸರು ಆ ಹುಡುಗನನ್ನು ಹಿಡಿದು ಬಯ್ಯದ ದಿನವಿಲ್ಲ: "ಹಾಲಿನ ವ್ಯಾಪಾರ ಮಾಡ್ತಿ, ಆ ಮೂಕ ಪ್ರಾಣಿಗೆ ಒಂದು ಬಟ್ಟಲ ಹಾಕಬಾರದೇನಪಾ?" ಒಬ್ಬರು ಚಪಾತಿ, ಒಬ್ಬರು ಬಿಸ್ಕೀಟು ತರತೊಡಗಿದರು. ಹೀರಾ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದಳು. ಅವಳ ಸ್ವಭಾವವೇ ಹಾಗೆ. ನೋಟದಿಂದ ಬೇಟೆಯಾಡುವ ಜಾತಿ, ಹೇಳಿದ ಮಾತು ಕೇಳುವುದಕ್ಕೆ ಹುಟ್ಟಿದ್ದಲ್ಲ. ಬೀದಿಯ ಕೆಂದನಾಯಿಯೊಂದು ಮೂರು ದಿನದಲ್ಲಿ ಬಿದಿರುಗಳದ ಆಟ ಕಲಿತರೆ ಹೀರಾ ಮೂರು ತಿಂಗಳಾದರೂ ನಡುವೆ ಅಳಿಲು ಕಂಡರೆ ಬಿಟ್ಟುಹೋಗುತ್ತಿದ್ದಳು. ಆದರೆ ಮನಸ್ಸು ಬಂದ ದಿನ ಅವಳು ಓಡಿದರೆ ಉಳಿದ ನಾಯಿಗಳ ಯಜಮಾನರು ತಮ್ಮ ನಾಯಿಯನ್ನು ಮರೆತು ನೋಡುತ್ತಿದ್ದರು.

ಆ ವರ್ಷ ಊರಿನಲ್ಲಿ ನಡೆಯುವ ನಾಯಿಗಳ ಪ್ರದರ್ಶನದಲ್ಲಿ ಅಡ್ಡಗಂಬದ ಓಟವನ್ನೂ ಇಡುತ್ತಾರೆಂದು ಸುದ್ದಿ ಬಂತು. ಹುಡುಗ ಹೆಸರು ಹಚ್ಚಿ ಫೀ ತುಂಬಿದ. ಆಟದ ಹುರುಪು ಮಾತ್ರವಲ್ಲ ಅದು. ಬಹುಮಾನ ಬಂದ ನಾಯಿಯ ಮರಿಗಳಿಗೆ ಬೆಲೆ ಬೇರೆ. ಅವನ ತಂಗಿ ಕಾಲೇಜಿಗೆ ಹೋಗುವವಳಿದ್ದಳು. "ಕಾಕೂ, ಹೀರಾ ಒಂದ್ ಕಪ್ ತಂದ್ಲಂದ್ರ, ಮುಂದಿನ ಸೂಲಿನ ಮರಿ ಈಗೇ ಬುಕ್ ಆಗತಾವ" ಎಂದು ಬೆರಳು ಮಡಚಿ ಲೆಕ್ಕ ಹೇಳಿದ. ಹೀರಾನ ಒಂದು ಭಾರಿ ಫೋಟೋ ಬೇಕು, ಪೋಸ್ಟರಿಗೆ ಹಾಕಬೇಕು ಎಂದೂ ಕೇಳಿದ. ನಾನು ಉಬ್ಬಿಹೋದೆ. ಜೀವನದಲ್ಲಿ ಮೊದಲನೆಯ ಸಲ ಯಾರೋ ನನ್ನ ಫೋಟೋ ಬೇಕೆಂದಿದ್ದರು.

ಪ್ರದರ್ಶನಕ್ಕೆ ಎಂಟು ದಿನವಿರುವಾಗ ಒಂದು ಬೆಳಿಗ್ಗೆ ಬಿಸಿಲು ಓರೆಯಾಗಿ ಬಂಗಾರದಂತೆ ಬಿದ್ದಿತ್ತು. ಹೀರಾ ಅಂದು ಓಡಿದಳು. ನಾನು ಗಂಬ ನೋಡುತ್ತ ಕುಳಿತು ಒತ್ತುತ್ತ ಹೋದೆ. ಮುನ್ನೂರಕ್ಕೂ ಹೆಚ್ಚು ತೆಗೆದೆನೆಂದು ಕಾಣುತ್ತದೆ. ಮಧ್ಯಾಹ್ನ ಊಟದ ಮೇಲೆ ನೋಡಲು ಕುಳಿತೆ. ಹನ್ನೊಂದು ಚೆನ್ನಾಗಿದ್ದವು. ಒಂದರಲ್ಲಿ ಅವಳು ಗಾಳಿಯಲ್ಲಿ ಮಲಗಿದ್ದಳು. ಕೆಳಗೆ ಒಂದು ಹುಲ್ಲುಕಡ್ಡಿಯೂ ತಾಗದಂತೆ. ನಮ್ಮವರನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲವೆಂದರೆ ಅದೇ ಬಹುಮಾನ.

ಕೆಟ್ಟ ಫೋಟೋಗಳನ್ನು ಅಳಿಸಬೇಕೆಂದು ಒಂದೊಂದಾಗಿ ತಿರುವಿದೆ. ಅಳಿಸುವವುಗಳಲ್ಲಿ ಗಂಬ ದಾಟಿ ನೆಲಕ್ಕಿಳಿಯುವಾಗಿನವು ಬಹಳ. ಆ ಗಳಿಗೆಯಲ್ಲಿ ನಾಯಿ ಚೆಲುವಾಗಿ ಕಾಣುವುದಿಲ್ಲ, ತಲೆ ತಗ್ಗಿಸಿ ಕುಗ್ಗಿರುತ್ತದೆ. ಅಳಿಸುತ್ತ ಹೋದವಳು ಯಾಕೋ ನಿಂತೆ. ಉಳಿದ ನಾಯಿಗಳು ಒಂದು ಮುಂಗಾಲು ಊರಿ, ಹಿಂದೆಯೇ ಇನ್ನೊಂದನ್ನು ಊರುತ್ತವೆ; ಒಮ್ಮೆ ಎಡ ಮೊದಲು, ಒಮ್ಮೆ ಬಲ, ತಿರುಗುವ ದಿಕ್ಕಿನ ಮೇಲೆ. ಹೀರಾ ಪ್ರತಿಸಲವೂ ಬಲಗಾಲನ್ನೇ ಊರಿದ್ದಳು. ಎಡಗಾಲು ಮಡಚಿ ಎದೆಗೆ ಹತ್ತಿತ್ತು. ಎಡಕ್ಕೆ ತಿರುಗುವಾಗಲೂ ಅಷ್ಟೇ, ಬಲಕ್ಕೆ ತಿರುಗುವಾಗಲೂ ಅಷ್ಟೇ. ಒಂದು ಫೋಟೋದಲ್ಲಿ ಎಡಗಾಲು ನೆಲ ಮುಟ್ಟಿದ ಕ್ಷಣ ಸಿಕ್ಕಿತ್ತು. ಅಲ್ಲಿ ಅವಳ ಕಣ್ಣು ಯಜಮಾನನ ಕಡೆಗಿರಲಿಲ್ಲ. ಮುಚ್ಚಿತ್ತು.

ಹಿಂದಿನ ವಾರದ ಫೋಟೋ ತೆಗೆದು ನೋಡಿದೆ. ಅದರಲ್ಲಿ ಎರಡೂ ಕಾಲು ಸರಿಯಾಗಿದ್ದವು.

ಅಂದು ನಾನು ಏನು ಮಾಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಎರಡು ದಿನ ಸುಮ್ಮನಿದ್ದೆ. ನಾಯಿ ವೈದ್ಯ ನನಗೇನು ಗೊತ್ತು, ಎಲ್ಲಿಯೋ ಕಲ್ಲು ಚುಚ್ಚಿರಬೇಕು, ಹುಡುಗ ಆಸೆಯಿಂದ ಫೀ ತುಂಬಿದ್ದಾನೆ, ನಾನ್ಯಾಕೆ ಬಾಯಿ ಹಾಕಲಿ ಎಂದು ನನಗೆ ನಾನೇ ಹೇಳಿಕೊಂಡೆ. ಪೋಸ್ಟರಿನಲ್ಲಿ ನನ್ನ ಫೋಟೋ ಬರಲಿ ಎಂಬ ಆಸೆಯೂ ಒಳಗೆ ಕುಳಿತಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನ ಫೋಟೋಗಳನ್ನು ಪ್ರಿಂಟು ಹಾಕಿಸಿ ಒಯ್ದೆ.

ಹುಡುಗ ಗಾಳಿಯಲ್ಲಿ ಮಲಗಿದ ಹೀರಾನನ್ನು ನೋಡಿ ಕುಣಿದ. ಆಮೇಲೆ ಉಳಿದವನ್ನು ಕೊಟ್ಟು ಕಾಲು ತೋರಿಸಿದೆ. ಅವನ ಮುಖ ಗಂಟಾಯಿತು.

"ಏನಾಗಿಲ್ರಿ ಅಕಿಗೆ. ನೆಟ್ಟಗ ನಡೀತಾಳ, ನೋಡ್ರಿ ಬೇಕಾರ."

ನಡೆಸಿ ತೋರಿಸಿದ. ನಿಜವಾಗಿಯೂ ನೆಟ್ಟಗೆ ನಡೆದಳು. ಕುಂಟಿಲ್ಲ, ನರಳಾಟವಿಲ್ಲ.

"ಒಮ್ಮೆ ಡಾಕ್ಟರಿಗೆ ತೋರಿಸಪಾ" ಎಂದೆ.

"ಕಾಕೂ, ನೀವು ಫೋಟೋ ತೆಗಿಯಾಕ ಬಂದೀರಿ, ಫೋಟೋ ತೆಗೀರಿ. ಫೋಟೋದಾಗ ಎಲ್ಲಾ ಒಂದೀಟ್ ಸೊಟ್ಟನ ಕಾಣತೈತಿ. ಐದ್ ದಿನಾ ಉಳದಾವು. ಈಗ ನಾಯಿ ಕಟ್ಟಿ ಹಾಕಂದ್ರ ಹೆಂಗ?" ಹೀರಾನನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿಬಿಟ್ಟ. ಪ್ರಿಂಟುಗಳು ಹುಲ್ಲಿನ ಮೇಲೆ ಬಿದ್ದಿದ್ದವು. ನಾನು ಅವನ್ನು ಆಯ್ದುಕೊಂಡೆ. ಏಳಲು ಅಂದು ಯಾರೂ ಇರಲಿಲ್ಲ. ಹೇಗೋ ಎದ್ದೆ.

ಮರುದಿನ ಹಾಲು ಹಾಕಲು ಅವನ ಬದಲು ಅವನ ತಾಯಿ ಬಂದಳು. ಮಗನಿಗೆ ಜ್ವರವೆಂದಳು. ಸಿಟ್ಟಿಗೆ ಹಾಗೆನ್ನುತ್ತಾರೆ. ಒಳಗೆ ಕರೆದು ಚಹಾ ಕೊಟ್ಟು ಫೋಟೋ ತೋರಿಸಿದೆ. ಅವಳು ಓದಿದವಳಲ್ಲ; ಫೋಟೋದ ಮೇಲೆ ಬೆರಳಿಟ್ಟು ಒಂದೊಂದನ್ನೂ ನೋಡಿದಳು. ಎಡಗಾಲು ಮಡಚಿದ್ದನ್ನು ನಾನು ಹೇಳುವ ಮೊದಲೇ ಅವಳ ಬೆರಳು ಅಲ್ಲಿಗೆ ಹೋಯಿತು.

"ರಾತ್ರಿ ಇದನ್ನ ನೆಕ್ಕಕೊಂಡ ಕುಂದರತಾಳ್ರೀ" ಎಂದಳು. "ನಾ ಹೇಳಿದ್ರ ಅಂವಾ ಕೇಳಂಗಿಲ್ಲ. ಆಕಳಾ ಕುಂಟಿದ್ರ ಹಾಲ ಕಡಿಮಿ ಆಗತೈತಿ, ಗೊತ್ತಾಗತೈತಿ. ಇಕಿದು ಯಾರಿಗೆ ಗೊತ್ತಾಗಬೇಕ್ರಿ? ಮಗ ಕರದ್ರ ಓಡತಾಳ."

ಪ್ರಿಂಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಆಕೆ ಹೋದ ಮೇಲೆ ನನಗೆ ಕೆಲಸ ಸಾಗಲಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ಅಪ್ಪನ ಕಾಲದ ಆಲ್ಬಮ್ ತೆಗೆದೆ. ಅದರ ಕೊನೆಯ ಹಾಳೆಯಲ್ಲಿ, ಅಂಟಿಸದೆ ಸುಮ್ಮನೆ ಇಟ್ಟ ಒಂದು ಫೋಟೋ ಇದೆ. 1974ರದು. ಆಗ ನನಗೆ ಹನ್ನೆರಡು. ಅಪ್ಪ ಇಲ್ಲದಾಗ ಕ್ಲಿಕ್ ಥ್ರೀ ಕದ್ದು ತೆಗೆದದ್ದು. ಮುಸ್ಸಂಜೆಯ ಹೊತ್ತು, ಅವ್ವ ಹಿತ್ತಲಿನ ಬಾವಿಯಿಂದ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ನಾನು ಹೇಳದೆ ಒತ್ತಿದ್ದೆ, ಹೀಗಾಗಿ ಅವ್ವ ನಿಲ್ಲಲಿಲ್ಲ. ಮುಖ ಇಲ್ಲ, ಸೆರಗು ಹೊಗೆಯಂತೆ, ಕೊಡ ಎರಡು ಕೊಡದಂತೆ. "ಒಂದು ಫೋಟೋ ಹಾಳಾತು" ಎಂದು ಅಪ್ಪ ಬೈದಿದ್ದ. ಅವ್ವನ ಉಳಿದೆಲ್ಲ ಫೋಟೋಗಳಲ್ಲಿ ಅವಳು ಕುರ್ಚಿಯ ಹಿಂದೆ ನಿಂತಿದ್ದಾಳೆ, ಕೈ ಕುರ್ಚಿಯ ಮೇಲೆ.

1912ರಲ್ಲಿ ಇಟಲಿಯ ಬಾಲ್ಲಾ ಎಂಬ ಚಿತ್ರಗಾರ ಒಂದು ಚಿತ್ರ ಬರೆದಿದ್ದಾನೆ, ಮಗ ಒಮ್ಮೆ ಪುಸ್ತಕದಲ್ಲಿ ತೋರಿಸಿದ್ದ. ಹೆಂಗಸೊಬ್ಬಳು ಗಿಡ್ಡ ನಾಯಿಯನ್ನು ಸರಪಳಿ ಹಿಡಿದು ನಡೆಸಿಕೊಂಡು ಹೊರಟಿದ್ದಾಳೆ. ನಾಯಿಗೆ ಹತ್ತಾರು ಕಾಲು, ಬಾಲವೂ ಬೀಸಣಿಗೆಯಂತೆ. ಹೆಂಗಸಿನ ಮುಖವನ್ನು ಅವನು ಬರೆದೇ ಇಲ್ಲ. ಲಂಗದ ಅಂಚು, ಕೆಳಗೆ ಅವಳಿಗೂ ಬಹಳಷ್ಟು ಪಾದ. ಅದನ್ನು ನೋಡಿ ಅಂದು ನಕ್ಕಿದ್ದೆ. ಅವ್ವನ ಫೋಟೋವೂ ಅದೇ ಜಾತಿಯದು, ನಾನು ಬೇಕೆಂದು ಮಾಡಿದ್ದಲ್ಲ ಅಷ್ಟೇ.

ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಾಡಿದ್ದೆಲ್ಲ ಕದಡಿತ್ತು. ಅಲ್ಲಾಡದ್ದು ಸ್ಪಷ್ಟವಾಗಿತ್ತು: ಮೆಟ್ಟಿಲಿನ ಕಲ್ಲು, ಗೋಡೆಯ ಬಿರುಕು, ಗೋಡೆಯನ್ನು ಒತ್ತಿ ಹಿಡಿದ ಅವ್ವನ ಎಡಗೈ. ಬೆರಳುಗಳು ಅಗಲವಾಗಿ ಚಾಚಿವೆ, ಬಳೆ ಮೊಣಕೈಯ ಕಡೆಗೆ ಸರಿದಿದೆ. ಮೈಯ ಭಾರವೆಲ್ಲ ಆ ಕೈಯ ಮೇಲಿದೆ. ಅವ್ವನ ಎಡಗಾಲಿನ ಮೊಣಕಾಲು ಎಂದೋ ಬಾವಿಯ ಕಟ್ಟೆಯಲ್ಲಿ ಬಿದ್ದು ಕೆಟ್ಟಿತ್ತೆಂದು ನಮಗೆ ತಿಳಿದದ್ದು 1991ರಲ್ಲಿ, ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋದಾಗ. ಡಾಕ್ಟರು, "ಎಷ್ಟ ವರ್ಷದಿಂದ?" ಎಂದು ಕೇಳಿದ್ದಕ್ಕೆ ಅವ್ವ, "ನೆನಪಿಲ್ರಿ" ಎಂದಿದ್ದಳು. ಹದಿನೇಳು ವರ್ಷ ಆ ಫೋಟೋ ನಮ್ಮ ಟ್ರಂಕಿನಲ್ಲಿಯೇ ಇತ್ತು.

ಪ್ರದರ್ಶನದ ಭಾನುವಾರ ನಾನು ಹೋದೆ. ಗಡ್ಡದ ನಾಯಿ, ಮಡಿಲಲ್ಲಿ ಹಿಡಿಯುವ ನಾಯಿ, ಕರುವಿನಷ್ಟಿರುವ ನಾಯಿ, ಎಲ್ಲ ಬಂದಿದ್ದವು. ಅಡ್ಡಗಂಬದ ಓಟದಲ್ಲಿ ಹೀರಾನ ಹೆಸರು ಎರಡು ಸಲ ಕೂಗಿದರು. ಯಾರೂ ಮುಂದೆ ಬರಲಿಲ್ಲ. ನಾನು ಆವತ್ತು ಎಷ್ಟು ಫೋಟೋ ತೆಗೆದೆ, ಯಾರು ಗೆದ್ದರು, ಒಂದೂ ನೆನಪಿಲ್ಲ.

ಹುಡುಗ ಹದಿನೈದು ದಿನಗಳ ಮೇಲೆ ಬಂದ. ಹಾಲು ಹಾಕಿ ಹೋಗದೆ ಬಾಗಿಲಲ್ಲಿ ನಿಂತ. ಎಕ್ಸ್‌ರೇ ತೆಗೆಸಿದರಂತೆ. ಎಡ ಮುಂಗಾಲಿನ ಒಂದು ಬೆರಳಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಆ ಕಾಲಿನ ಮೇಲೆ ಇನ್ನೊಂದು ವಾರ ಜಿಗಿಸಿದ್ದರೆ ಪೂರಾ ಮುರಿಯುತ್ತಿತ್ತು ಎಂದರಂತೆ ಡಾಕ್ಟರು. ಪಟ್ಟಿ ಕಟ್ಟಿ ಆರು ವಾರ ಕಟ್ಟಿಹಾಕಲು ಹೇಳಿದ್ದರು. "ಅವ್ವ ಬೈದ್ಲರಿ" ಎಂದ. ಕ್ಷಮಿಸಿರಿ ಎನ್ನುವ ರೂಢಿ ನಮ್ಮ ಕಡೆಗಿಲ್ಲ. ಅಂದು ಅರ್ಧ ಲೀಟರಿನ ಬದಲು ಮುಕ್ಕಾಲು ಲೀಟರು ಅಳೆದು ಹೋದ. ತಂಗಿಯ ಕಾಲೇಜಿನ ಫೀ ಹೇಗೆ ಮಾಡಿದಿ ಎಂದು ಕೇಳಿದ್ದಕ್ಕೆ, ಒಂದು ಎಮ್ಮೆ ಮಾರಿದೆವೆಂದು ಮೆಲ್ಲಗೆ ಹೇಳಿದ. ಇದು ಸುಲಭದ ಮಾತಲ್ಲ. ನನ್ನ ಫೋಟೋಗಳಿಂದ ಆ ಮನೆಗೆ ಒಂದು ಎಮ್ಮೆ ಹೋಯಿತು ಎಂಬುದನ್ನು ನಾನು ಇಂದಿಗೂ ಲೆಕ್ಕದಿಂದ ತೆಗೆದಿಲ್ಲ.

ಮಳೆಗಾಲ ಮುಗಿದ ಮೇಲೆ ಹೀರಾ ಮೈದಾನಕ್ಕೆ ಮರಳಿದಳು. ಅಡ್ಡಗಂಬ ಬೇಡವೆಂದು ಸುಭೇದಾರರೇ ಹೇಳಿದರು. ಬರೀ ನೆಲದ ಮೇಲಿನ ಓಟ. ನಾನು ಈಗ ಕ್ಯಾಮೆರಾದ ವೇಗ ತಗ್ಗಿಸಿ, ಅರವತ್ತರಲ್ಲಿ ಒಂದು ಭಾಗಕ್ಕೆ ಇಟ್ಟು, ನಾಯಿ ಓಡಿದಂತೆ ಕ್ಯಾಮೆರಾವನ್ನೂ ಅದರ ಜೊತೆಗೆ ತಿರುಗಿಸಿ ತೆಗೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಸರಿಯಾಗಿ ಬಂದರೆ ನಾಯಿಯ ಮುಖ ಸ್ಪಷ್ಟ, ಕಾಲು ಕದಡಿದಂತೆ, ಹಿಂದಿನ ಮರ, ಸ್ಕೂಟರು ಎಲ್ಲ ಗೀಟು ಎಳೆದಂತೆ. ನೂರಕ್ಕೆ ಎರಡು ಬರುತ್ತವೆ. ಸೊಂಟ ಮಾತ್ರ ನೂರಕ್ಕೆ ನೂರು ಸಲ ನೋಯುತ್ತದೆ.

ಮೊನ್ನೆ ಹುಡುಗ ಬಂದು, "ಕಾಕೂ, ಅವ್ವಾಗ ಹೀರಾಂದೊಂದು ಫೋಟೋ ಬೇಕಂತರಿ, ದೇವರ ಮನ್ಯಾಗ ಹಾಕಾಕ" ಎಂದ.

"ಗಾಳ್ಯಾಗ ಮಲಗಿದ್ದು ಅದಲಾ, ಅದನ್ನ ಕೊಡ್ತೀನಿ."

"ಅದು ಬ್ಯಾಡಂತರಿ. ನಿಂತಿದ್ದು ಬೇಕಂತ. ನಾಕೂ ಕಾಲ ಕಾಣೂಹಂಗ."

ಅವನ ತಾಯಿಯೂ ಅಂದು ಗಾಡಿಯ ಹಿಂದೆ ಕುಳಿತು ಬಂದಿದ್ದಳು. ಮೊದಲ ಸಲ ನೋಡುವ ಹುಮ್ಮಸ್ಸಿನಲ್ಲಿ ತಾನೇ ಹೀರಾನ ಪಟ್ಟಿ ಹಿಡಿದು ಮರದ ಕೆಳಗೆ ನಿಲ್ಲಿಸಿದಳು. ನಾನು ಪ್ಲಾಸ್ಟಿಕ್ ಚೀಲ ಹಾಸಿ ಕುಳಿತು ಕ್ಯಾಮೆರಾ ಹಿಡಿದೆ. ಹೀರಾ ಒಂದು ಕಿವಿ ಎತ್ತಿದಳು. ಮೇಲೆ ಎಲ್ಲಿಯೋ ಅಳಿಲು ಕೂಗಿತು.

"ಅಲ್ಲಾಡಬ್ಯಾಡ!" ಎಂದು ನನ್ನ ಬಾಯಿಂದಲೇ ಬಂತು.

ಆ ಫೋಟೋದಲ್ಲಿ ಮರ ಚೆನ್ನಾಗಿ ಬಂದಿದೆ. ಮರದ ಪಕ್ಕದಲ್ಲಿ ಪಟ್ಟಿ ಹಿಡಿದುಕೊಂಡೇ ಓಡುತ್ತಿರುವ ಆ ತಾಯಿ ಬಂದಿದ್ದಾಳೆ, ಒಂದು ಚಪ್ಪಲಿ ಗಾಳಿಯಲ್ಲಿದೆ, ಬಾಯಿ ತುಂಬ ನಗು. ಬಲಗಡೆಯ ಅಂಚಿನಲ್ಲಿ ಬಾಲ. ದೇವರ ಮನೆಯಲ್ಲಿ ಈಗ ಅದೇ ತೂಗುತ್ತಿದೆಯಂತೆ.